ಸಯಾಮೀಸ್ ಇಲಿಯ ಬಣ್ಣ ಮಾಸಿದೆ. ಡಂಬೋ ಜೊತೆ ಮರಿ ಮಾಡಿಸಬಹುದಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ ಹಂಚಿನ ಮನೆ. ಜನವರಿಯಲ್ಲಿ ಕೊಚ್ಚಿಯಿಂದ ಎರಡು ಸಾಕು ಇಲಿ ತಂದೆ. ಆಗ ಒಂದೂವರೆ ತಿಂಗಳ ಮರಿಗಳು. ಗಂಡು ಸಯಾಮೀಸ್, ಹೆಣ್ಣು ಕಪ್ಪು ತಲೆಯ ಡಂಬೋ, ಅಂದರೆ ದೊಡ್ಡ ಕಿವಿ ತಲೆಯ ಬದಿಗೆ ಇಳಿದಿರುವ ಬಗೆ. ಬೇರೆ ಬೇರೆ ಗೂಡಿನಲ್ಲಿ ಇಟ್ಟಿದ್ದೇನೆ. ಈಗ ಮೇ ತಿಂಗಳು, ಸಯಾಮೀಸ್‌ನ ಮೂಗು ಮತ್ತು ಬಾಲದ ಬುಡದಲ್ಲಿದ್ದ ಕಂದು ಬಣ್ಣ ಮಾಸಿಹೋಗಿದೆ. ಅಂಗಡಿಯವರು ಬಣ್ಣ ಹಚ್ಚಿ ಕೊಟ್ಟರಾ? ಇವೆರಡನ್ನು ಸೇರಿಸಿದರೆ ಡಂಬೋ ಸಯಾಮೀಸ್ ಮರಿ ಸಿಗುತ್ತದಾ? ಮುಂದೆ ಗುಂಗುರು ಕೂದಲಿನದ್ದು, ಕೂದಲೇ ಇಲ್ಲದ್ದು, ಬಾಲ ಇಲ್ಲದ್ದು ತರಿಸುವ ಆಸೆಯಿದೆ. ಅಮ್ಮನಿಗೆ ಇಲಿಜ್ವರದ ಹೆದರಿಕೆ. ತೋಟದ ಇಲಿಗಳು ಬಂದು ಇವುಗಳ ಜೊತೆ ಕೂಡುತ್ತವೆ ಅಂತಲೂ ಹೇಳುತ್ತಾರೆ.

ಉತ್ತರ: ಅಂಗಡಿಯವರ ಮೇಲೆ ಸಿಟ್ಟು ಬೇಡ. ಬಣ್ಣ ತೆಗೆದದ್ದು ನಿಮ್ಮ ಊರಿನ ಸೆಕೆ.

ಸಯಾಮೀಸ್ ಇಲಿಯಲ್ಲಿ ಬಣ್ಣ ತಯಾರಿಸುವ ಕಿಣ್ವ ಸರಿಯಾಗಿ ಕೆಲಸ ಮಾಡುವುದು ತಂಪಿನಲ್ಲಿ ಮಾತ್ರ. ಮೈ ಬೆಚ್ಚಗಿರುವ ಕಡೆ ಅದು ಕೈಕೊಡುತ್ತದೆ. ಹಾಗಾಗಿ ಹೊಟ್ಟೆ, ಬೆನ್ನು ಕೆನೆ ಬಣ್ಣಕ್ಕೆ ನಿಲ್ಲುತ್ತವೆ. ಮೂಗು, ಕಿವಿ, ಕಾಲು, ಬಾಲದ ಬುಡ ಮೈಯ ಉಳಿದ ಭಾಗಕ್ಕಿಂತ ತಂಪು, ಅಲ್ಲಿ ಕಂದು ಬಣ್ಣ ಬರುತ್ತದೆ. ಸಯಾಮೀಸ್ ಬೆಕ್ಕಿನಲ್ಲೂ ನಡೆಯುವುದು ಇದೇ. ಹುಟ್ಟಿದ ಸಯಾಮೀಸ್ ಮರಿ ಒಂದೇ ಬಣ್ಣಕ್ಕಿರುವುದೂ ಇದಕ್ಕೇ. ತಾಯಿಯ ಹೊಟ್ಟೆಯೊಳಗೆ ತಂಪು ಎಲ್ಲಿಂದ ಬರಬೇಕು? ನಿಮ್ಮ ಇಲಿ ಜನವರಿಯ ನಂತರ ಕೂದಲು ಉದುರಿಸಿ ಹೊಸದು ಬೆಳೆಸಿಕೊಂಡಿದೆ. ಆ ಹೊಸ ಕೂದಲು ಬೆಳೆದದ್ದು ಏಪ್ರಿಲ್‌ನ ಉರಿಸೆಕೆಯಲ್ಲಿ. ಬೆಳೆದು ನಿಂತ ಕೂದಲು ಬಣ್ಣ ಬದಲಿಸುವುದಿಲ್ಲ, ಮುಂದೆ ಬರುವ ಕೂದಲು ಮಾತ್ರ ಬದಲಾಗುತ್ತದೆ. ಮಳೆಗಾಲ ಕಳೆದು ಡಿಸೆಂಬರ್ ಹೊತ್ತಿಗೆ ಸ್ವಲ್ಪ ಗಾಢ ಆಗಬಹುದು. ಕರಾವಳಿಯಲ್ಲಿ ಚಳಿ ದೇಶದ ಫೋಟೋದ ಹಾಗೆ ಕಪ್ಪು ಮೂತಿ ಬರುವುದು ಕಷ್ಟ. ಬಣ್ಣಕ್ಕೋಸ್ಕರ ಎ.ಸಿ. ಹಾಕಬೇಡಿ ಮಾರಾಯ್ರೆ.

ಇನ್ನು ಮರಿಯ ಲೆಕ್ಕ. ಡಂಬೋ ಕಿವಿಯೂ ಸಯಾಮೀಸ್ ಬಣ್ಣವೂ ಅಡಗಿಕೊಂಡು ಹರಿಯುವ ಗುಣಗಳು. ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ಜೀನ್ ಬಂದರೆ ಮಾತ್ರ ಹೊರಗೆ ಕಾಣುತ್ತವೆ. ಗಂಡಿನಲ್ಲಿ ಡಂಬೋ ಜೀನ್ ಅಡಗಿಲ್ಲ, ಹೆಣ್ಣಿನಲ್ಲಿ ಸಯಾಮೀಸ್ ಜೀನ್ ಅಡಗಿಲ್ಲ ಅಂತ ಇಟ್ಟುಕೊಳ್ಳಿ. ಆಗ ಮೊದಲ ಸೂಲಿನಲ್ಲಿ ಒಂದೂ ಡಂಬೋ ಇರುವುದಿಲ್ಲ, ಒಂದೂ ಸಯಾಮೀಸ್ ಇರುವುದಿಲ್ಲ. ಎಲ್ಲದಕ್ಕೂ ಮಾಮೂಲಿ ಕಿವಿ, ಗಾಢ ಬಣ್ಣ. ಗಂಡಿನ ಕೆನೆ ಬಣ್ಣದ ಅಡಿಯಲ್ಲಿ ಕಾಡು ಇಲಿಯ ಕಂದು ಬಣ್ಣದ ಜೀನ್ ಮುಚ್ಚಿಕೊಂಡಿದ್ದರೆ ಮರಿಗಳು ಗದ್ದೆಯಲ್ಲಿ ಓಡುವ ಇಲಿಯ ಹಾಗೇ ಕಾಣಬಹುದು. ಅಷ್ಟು ದುಡ್ಡು ಕೊಟ್ಟು ತಂದ ಜೋಡಿಗೆ ಇಂಥ ಮರಿಗಳಾ ಅಂತ ಮನೆಯವರು ನಗುತ್ತಾರೆ. ಆದರೆ ಅವುಗಳ ಒಳಗೆ ಎರಡೂ ಜೀನ್ ಇರುತ್ತವೆ.

ಆ ಮರಿಗಳನ್ನು ತಮ್ಮತಮ್ಮೊಳಗೇ ಕೂಡಿಸಿದರೆ ನಾಲ್ಕರಲ್ಲಿ ಒಂದು ಡಂಬೋ, ನಾಲ್ಕರಲ್ಲಿ ಒಂದು ಸಯಾಮೀಸ್. ಎರಡೂ ಸೇರಿದ್ದು ಹದಿನಾರರಲ್ಲಿ ಒಂದು. ಒಂದು ಸೂಲಿಗೆ ಸಾಮಾನ್ಯವಾಗಿ 8ರಿಂದ 12 ಮರಿ. ಹಾಗಾಗಿ ನಿಮಗೆ ಬೇಕಾದ್ದು ಒಂದೂ ಸಿಗದೆ, ಬೇಡದ ಹತ್ತು ಮರಿ ಕೈಗೆ ಬರುವ ಸಾಧ್ಯತೆಯೇ ಜಾಸ್ತಿ. ಜೊತೆಗೆ ಅದು ಅಣ್ಣ ತಂಗಿಯ ಕೂಡಿಕೆ. ಪ್ರಯೋಗಾಲಯಗಳಲ್ಲಿ ಹಾಗೆ 20 ತಲೆಮಾರು ಬೆಳೆಸಿ ಒಂದೇ ತೆರನ ಇಲಿ ಮಾಡಿಕೊಳ್ಳುತ್ತಾರೆ. ಅಲ್ಲಿ ಕುಂದಿದ್ದನ್ನು ತೆಗೆದುಹಾಕಲು ಯಾರೂ ಹಿಂದೆಮುಂದೆ ನೋಡುವುದಿಲ್ಲ, ಮನೆಯಲ್ಲಿ ಅದು ಆಗುವ ಮಾತಲ್ಲ. ನಿಮ್ಮ ಜೋಡಿ ಒಂದೇ ಅಂಗಡಿಯದ್ದು ಅಂದಮೇಲೆ ಹತ್ತಿರದ ಸಂಬಂಧ ಮೊದಲೇ ಇರಲೂಬಹುದು. ಬೇರೆ ಊರಿನ, ಬೇರೆಯವರು ಸಾಕಿದ ಡಂಬೋ ಸಿಕ್ಕಿದರೆ ಅದಕ್ಕೆ ಈ ಮರಿಯನ್ನು ಕೂಡಿಸಿ. ಅರ್ಧಕ್ಕರ್ಧ ಡಂಬೋ ಬರುತ್ತದೆ, ರಕ್ತವೂ ಹೊಸದಾಗುತ್ತದೆ.

ಹೆಚ್ಚು ಸುಲಭದ ದಾರಿ ಇನ್ನೊಂದಿದೆ. ಕೆಂಪು ಕಣ್ಣಿನ ಮಾಮೂಲಿ ಬಿಳಿ ಇಲಿಯ ಜೊತೆ ಸಯಾಮೀಸನ್ನು ಕೂಡಿಸಿದರೆ ಅಷ್ಟೂ ಮರಿಗಳು ಹಿಮಾಲಯನ್ ಆಗುತ್ತವೆ: ಬಿಳಿ ಮೈ, ಮೂಗು ಬಾಲಕ್ಕೆ ಮಾತ್ರ ತುಸು ಬಣ್ಣ. ಬಿಳಿ ಇಲಿಯನ್ನು ಜನ ಕಡೆಗಣಿಸುತ್ತಾರೆ. ನನ್ನ ಲೆಕ್ಕದಲ್ಲಿ ಕೈಗೆ ಒಗ್ಗುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. 1906ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ವಿಸ್ಟಾರ್ ತಳಿಯಂಥ ಬಿಳಿ ಇಲಿಗಳನ್ನು ನೂರು ವರ್ಷಕ್ಕಿಂತ ಹೆಚ್ಚು ಕಾಲ ಮನುಷ್ಯರ ಕೈಯಲ್ಲೇ ಬೆಳೆಸಿದ್ದಾರೆ. ಅದರ ಕಣ್ಣು ಮಾತ್ರ ಮಂದ. ದೂರ ಅಳೆಯಲು ತಲೆ ಆಚೀಚೆ ತೂಗುತ್ತದೆ, ಅದನ್ನು ರೋಗ ಅಂದುಕೊಳ್ಳಬೇಡಿ. ಸಯಾಮೀಸಿಗೂ ಜೋರು ಬೆಳಕು ಆಗುವುದಿಲ್ಲ, ಗೂಡಿನಲ್ಲಿ ಕತ್ತಲೆಯ ಮೂಲೆ ಬೇಕೇ ಬೇಕು.

ನೀವು ಆಸೆಪಟ್ಟ ಮೂರು ತಳಿಗಳಲ್ಲಿ ಗುಂಗುರು ಕೂದಲಿನ ರೆಕ್ಸ್ ತನ್ನಿ, ನನಗೆ ತಕರಾರಿಲ್ಲ. ಮೀಸೆಯೂ ಸುರುಳಿ ಸುತ್ತಿರುತ್ತದೆ, ನೋಡಲು ತಮಾಷೆ. ಈ ಗುಣ ಅಡಗುವುದಿಲ್ಲ, ಒಂದು ಜೀನ್ ಇದ್ದರೂ ಸಾಕು. ರೆಕ್ಸನ್ನು ನಯ ಕೂದಲಿನ ಇಲಿಗೆ ಕೂಡಿಸಿದರೆ ಸುಮಾರು ಅರ್ಧ ಮರಿ ರೆಕ್ಸ್. ರೆಕ್ಸಿಗೆ ರೆಕ್ಸ್ ಮಾತ್ರ ಕೂಡಿಸಬೇಡಿ. ಆಗ ನಾಲ್ಕರಲ್ಲೊಂದು ಮರಿಗೆ ಎರಡೂ ಕಡೆಯಿಂದ ಜೀನ್ ಬಂದು ಕೂದಲು ತೇಪೆ ತೇಪೆಯಾಗಿ ಉದುರುತ್ತದೆ, ಮತ್ತೆ ಬರುತ್ತದೆ, ಮತ್ತೆ ಉದುರುತ್ತದೆ.

ಕೂದಲಿಲ್ಲದ ಇಲಿಗೆ ನಮ್ಮ ಕರಾವಳಿಯಲ್ಲಿ ಚಳಿಯ ಭಯ ಇಲ್ಲ, ನಿಜ. ಆದರೆ ಜೊತೆಗಾರರ ಉಗುರು ತಾಗಿದರೂ ಚರ್ಮ ಗೀರುತ್ತದೆ, ನಮ್ಮ ತೇವದಲ್ಲಿ ಆ ಗೀರು ಬೇಗ ಕೀವಾಗುತ್ತದೆ. ಕಣ್ಣಿನ ತೊಂದರೆ ಜಾಸ್ತಿ. ಕೆಲವು ಬಗೆಯಲ್ಲಿ ತಾಯಿಗೆ ಹಾಲೇ ಸರಿಯಾಗಿ ಬರುವುದಿಲ್ಲ. ಪ್ರಯೋಗಾಲಯದ ಒಂದು ಬೋಳು ತಳಿಗೆ ರೋಗ ತಡೆಯುವ ಥೈಮಸ್ ಗ್ರಂಥಿಯೇ ಇರುವುದಿಲ್ಲ. ಅಂಗಡಿಯ ಬೋಳು ಇಲಿ ಯಾವ ಬಗೆಯದ್ದು ಅಂತ ಹೊರಗಿಂದ ನೋಡಿ ಹೇಳಲು ಆಗುವುದಿಲ್ಲ. ಯಾರೋ ಬೇಡವೆಂದು ಬಿಟ್ಟದ್ದು ಸಿಕ್ಕಿದರೆ ಸಾಕಿ, ಮರಿ ಮಾಡಿಸಬೇಡಿ.

ಬಾಲವಿಲ್ಲದ್ದು ಬೇಡವೇ ಬೇಡ. ಇಲಿಗೆ ನಮ್ಮ ಹಾಗೆ ಮೈ ಬೆವರುವುದಿಲ್ಲ. ಒಳಗಿನ ಶಾಖ ಹೊರಗೆ ಹಾಕಲು ಅದಕ್ಕಿರುವ ಮುಖ್ಯ ದಾರಿ ಆ ಕೂದಲಿಲ್ಲದ ಬಾಲ. ಸೆಕೆಯಾದಾಗ ಬಾಲದ ರಕ್ತನಾಳಗಳು ಹಿಗ್ಗುತ್ತವೆ. ಮುಟ್ಟಿ ನೋಡಿ, ಬಿಸಿ ಗೊತ್ತಾಗುತ್ತದೆ. ಬಾಲ ಕಸಿದುಕೊಂಡು ಅದನ್ನು ಕಾಸರಗೋಡಿನ ಏಪ್ರಿಲ್‌ಗೆ ಬಿಡುವುದಾ? ಹತ್ತುವಾಗ ಆಯ ತಪ್ಪುತ್ತದೆ ಅನ್ನುವುದು ಹಾಗಿರಲಿ, ಬಾಲ ಇಲ್ಲದಂತೆ ಮಾಡುವ ಜೀನ್ ಬೆನ್ನುಮೂಳೆಯ ತುದಿಯನ್ನೂ ಕೆಡಿಸುತ್ತದೆ. ಹಿಂಗಾಲಿನ ಬಲ ಹೋದದ್ದು, ಮಲಮೂತ್ರದ ಹಿಡಿತ ತಪ್ಪಿದ್ದು ಇಂಥ ಮರಿಗಳಲ್ಲಿ ಕಾಣುತ್ತದೆ. ಕೊಂಡರೆ ಮಾರುವವರು ಇನ್ನಷ್ಟು ಮಾಡಿಸುತ್ತಾರೆ.

ಅಂಗಡಿಯಲ್ಲಿ ಮನಸ್ಸು ಸೆಳೆಯುವ ಇನ್ನೊಂದು ಬಗೆಯಿದೆ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೈಯೆಲ್ಲ ಬಿಳಿ, ತಲೆಗೆ ಮಾತ್ರ ಬಣ್ಣ, ಹಣೆಯಲ್ಲಿ ಬಿಳಿ ಪಟ್ಟೆ, ಒಂದು ಕಣ್ಣು ಕೆಂಪು ಒಂದು ಕಪ್ಪು. ತುಂಬಾ ಚಂದ. ಇಂಥ ವಂಶಗಳಲ್ಲಿ ಕೆಲವು ಮರಿಗಳಿಗೆ ದೊಡ್ಡ ಕರುಳಿನ ನರಗಳು ಸರಿಯಾಗಿ ಬೆಳೆಯುವುದಿಲ್ಲ. ಹಾಲು ಕುಡಿಯುವಷ್ಟು ದಿನ ಚೆನ್ನಾಗಿರುತ್ತವೆ. ಗಟ್ಟಿ ತಿನ್ನಲು ಶುರು ಮಾಡಿದ ಮೇಲೆ ಹೊಟ್ಟೆ ಉಬ್ಬಿ, ಹಿಕ್ಕೆ ನಿಂತು ಸಾಯುತ್ತವೆ. ಒಂದು ಸೂಲಿನಲ್ಲಿ ಹೀಗಾದರೆ ಆ ತಂದೆ ತಾಯಿಯನ್ನೂ ಉಳಿದ ಮರಿಗಳನ್ನೂ ಮತ್ತೆ ಕೂಡಿಸಬಾರದು. ಮುತ್ತಿನ ಬಣ್ಣದ ಪರ್ಲ್ ತಳಿಯನ್ನು ಅದಕ್ಕೇ ಕೂಡಿಸಿದರೆ ಕಾಲು ಭಾಗ ಭ್ರೂಣಗಳು ಹುಟ್ಟುವ ಮೊದಲೇ ಹೋಗುತ್ತವೆ. ಫಾನ್ ಹೂಡೆಡ್ ಅನ್ನುವ ಕಂದು ತಲೆಯ ಪ್ರಯೋಗಾಲಯದ ತಳಿಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಬಣ್ಣದ ಜೀನ್‌ಗಳು ಬಣ್ಣದ ಕೆಲಸ ಒಂದನ್ನೇ ಮಾಡಿಕೊಂಡು ಕೂರುವುದಿಲ್ಲ, ಅದನ್ನು ಕೊಳ್ಳುವ ಮೊದಲೇ ನೆನಪಿಡಬೇಕು. ಡಂಬೋ ಮಟ್ಟಿಗೆ ಅಂಥ ದೊಡ್ಡ ದೂರು ಇಲ್ಲ.

ಆದರೆ ಇದೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ಎದೆ. ಗಂಡು ಹೆಣ್ಣು ಎರಡನ್ನೂ ನಿಮ್ಮ ಕಿವಿಯ ಹತ್ತಿರ ಹಿಡಿದು ಉಸಿರು ಕೇಳಿ. ಗೊರಗೊರ, ಟಿಕ್ ಟಿಕ್ ಸದ್ದು ಬಂದರೆ, ಕಣ್ಣು ಮೂಗಿನಲ್ಲಿ ಕೆಂಪು ಒಸರಿದ್ದರೆ ಜೋಡಿ ಹಾಕಬೇಡಿ. ಆ ಕೆಂಪು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿ ಸುರಿಸುವ ಬಣ್ಣ; ಇಲಿಗೆ ಕಾಯಿಲೆಯೋ ಕಾಟವೋ ಇದೆ ಅನ್ನುವ ಸುಳಿವು ಅದು. ಮೈಕೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ ಹೆಚ್ಚಿನ ಸಾಕು ಇಲಿಗಳ ಶ್ವಾಸಕೋಶದಲ್ಲಿ ಸುಮ್ನೆ ಕೂತಿರುತ್ತದೆ. ಧೂಳು, ಉಚ್ಚೆಯ ಘಾಟು, ಹೊಗೆ ಸಿಕ್ಕಿದಾಗ ತಲೆ ಎತ್ತುತ್ತದೆ. ತಾಯಿಯಿಂದ ಮರಿಗೂ ಬರುತ್ತದೆ. ಗುಣವೂ ನೋಡಿ. ಹೆದರಿಸದಿದ್ದರೂ ಕಚ್ಚುವ ಇಲಿ ಎಷ್ಟೇ ಅಪರೂಪದ್ದಾಗಿರಲಿ, ಅದರ ಮರಿ ಬೇಡ.

ಎರಡೂ ಪಾಸಾದವು ಅಂತ ಇಟ್ಟುಕೊಳ್ಳೋಣ. ಆದರೂ ಈಗಲೇ ಬೇಡ. ಉರಿಸೆಕೆಯಲ್ಲಿ ಗಂಡಿನ ವೀರ್ಯದ ಬಲ ಕುಗ್ಗುತ್ತದೆ, ಬಸುರಿಗೂ ಕಷ್ಟ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯಲಿ. ನಿಮ್ಮ ಹೆಣ್ಣಿಗೆ ಆಗ ಏಳು ತಿಂಗಳ ಒಳಗೇ ಇರುತ್ತದೆ. ಮೊದಲ ಸೂಲು ನಾಲ್ಕರಿಂದ ಎಂಟು ತಿಂಗಳ ನಡುವೆ ಆದರೆ ಒಳ್ಳೆಯದು, ತೀರಾ ತಡವಾದರೆ ಹೆರಿಗೆ ಕಷ್ಟವಾಗಬಹುದು. ನಾಲ್ಕೈದು ದಿನಕ್ಕೊಮ್ಮೆ ಹೆಣ್ಣು ಬೆದೆಗೆ ಬರುತ್ತದೆ. ಹತ್ತು ದಿನ ಒಟ್ಟಿಗೆ ಬಿಟ್ಟರೆ ಸಾಕು, ಆಮೇಲೆ ಗಂಡನ್ನು ತೆಗೆಯಿರಿ. ತೆಗೆಯದಿದ್ದರೆ ಏನಾಗುತ್ತದೆ ಗೊತ್ತಾ? ಹೆತ್ತ ಒಂದು ದಿನದೊಳಗೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಒಂದು ಸೂಲಿಗೆ ಹಾಲೂಡಿಸುತ್ತಾ ಇನ್ನೊಂದನ್ನು ಹೊಟ್ಟೆಯಲ್ಲಿ ಹೊರುವ ತಾಯಿ ಸೊರಗಿಹೋಗುತ್ತದೆ.

ಗರ್ಭದ ಅವಧಿ 21ರಿಂದ 23 ದಿನ. ಕೊನೆಯ ವಾರ ಚೂರು ಚೂರು ಮಾಡಿದ ಕಾಗದ, ಹಳೇ ಹತ್ತಿ ಬೈರಾಸಿನ ತುಂಡು ಕೊಡಿ, ಗೂಡನ್ನು ಅದೇ ಕಟ್ಟಿಕೊಳ್ಳುತ್ತದೆ. ಬೇಯಿಸಿದ ಮೊಟ್ಟೆ, ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಮೀನು ಸ್ವಲ್ಪ ಜಾಸ್ತಿ ಇರಲಿ. ಹೊಟ್ಟೆಗೆ ಸಾಲದಿದ್ದರೆ, ಮನೆ ತುಂಬ ಗಲಾಟೆಯಿದ್ದರೆ ತಾಯಿ ಮರಿ ತಿನ್ನುವುದುಂಟು. ನೆರೆಕರೆಯ ಮಕ್ಕಳನ್ನು ಒಂದು ವಾರ ದೂರ ಇಡಿ. ಸುಮಾರು ಎರಡು ವಾರಕ್ಕೆ ಮರಿಗಳ ಕಣ್ಣು ತೆರೆಯುತ್ತದೆ. ಆಗ ದಿನಾ ಕೈಯಲ್ಲಿ ಆಡಿಸಿ. ಐದು ವಾರ ತುಂಬುವ ಹೊತ್ತಿಗೆ ಗಂಡು ಮರಿಗಳನ್ನು ಬೇರೆ ಮಾಡಲೇಬೇಕು. ಆ ವಯಸ್ಸಿಗೇ ಅವು ತಂಗಿಯನ್ನೂ ತಾಯಿಯನ್ನೂ ಬಸುರಿ ಮಾಡಬಲ್ಲವು. ಗಂಡು ಯಾವುದೆಂದು ಗುರುತಿಸುವುದು ಅಷ್ಟು ಹೊತ್ತಿಗೆ ಕಷ್ಟವಲ್ಲ, ಬೀಜ ಎದ್ದು ಕಾಣುತ್ತದೆ.

ಈ ನಡುವೆ ಇನ್ನೊಂದು ಮಾತು. ನಿಮ್ಮ ಎರಡೂ ಇಲಿಗಳು ಒಂಟಿಯಾಗಿವೆ, ಇಲಿಗೆ ಒಂಟಿತನ ಆಗುವುದಿಲ್ಲ. ಗಂಡಿಗೊಂದು ಗಂಡು, ಹೆಣ್ಣಿಗೊಂದು ಹೆಣ್ಣು ಜೊತೆ ಹುಡುಕಿ. ಹೊಸದನ್ನು ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಉಸಿರು ಚೆನ್ನಾಗಿದೆ ಅಂತ ನೋಡಿಯೇ ಸೇರಿಸಿ. ಅಂಗಡಿಯಿಂದ ಬರುವ ಹೆಣ್ಣು ಬಸುರಿಯಾಗಿಯೇ ಬರುವುದೂ ಉಂಟು, ತೂಕ ನೋಡುತ್ತಾ ಇರಿ.

ಗೂಡು ಮೂರಡಿ ಉದ್ದ, ಎರಡಡಿ ಅಗಲ, ಎರಡೂವರೆ ಅಡಿ ಎತ್ತರ ಇದ್ದರೆ ಎರಡು ಮೂರು ಇಲಿಗೆ ಧಾರಾಳ. ಕೋಳಿ ಬಲೆ ಸಾಲದು. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ. ಇಲಿ ಹೊರಗೆ ಹೋಗುವುದಕ್ಕಿಂತ ನಿಮ್ಮ ತೋಟದ ಕೇರೆ ಹಾವು ಒಳಗೆ ಬರುವುದು ದೊಡ್ಡ ಚಿಂತೆ. ಇಲಿಯ ವಾಸನೆ ಅದಕ್ಕೆ ಸಿಗದೆ ಇರುವುದಿಲ್ಲ. ನೆಲಕ್ಕೆ ಮಾತ್ರ ತಂತಿ ಬೇಡ, ಅಂಗಾಲು ಹುಣ್ಣಾಗುತ್ತದೆ. ಗೂಡಿನ ಕಾಲನ್ನು ನೀರಿನ ಗೆರಟೆಯಲ್ಲಿ ನಿಲ್ಲಿಸಿ. ಇರುವೆ ಮುತ್ತಿದರೆ ಕಣ್ಣು ಬಿಡದ ಮರಿ ಉಳಿಯುವುದಿಲ್ಲ. ಆ ನೀರಿಗೆ ಸಾಬೂನು ಹಾಕಿಡಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ಮನೆ ಕಟ್ಟಿಕೊಟ್ಟ ಹಾಗೆ ಆಗುತ್ತದೆ.

ಹಾಸಲು ಹಳೇ ಪತ್ರಿಕೆ ಮತ್ತು ಬಟ್ಟೆಯೇ ಸಾಕು. ಮಿಲ್ಲಿನ ನುಣ್ಣಗಿನ ಮರದ ಹುಡಿ ಎದೆಗೆ ಹೋಗುತ್ತದೆ. ಬೈಹುಲ್ಲು ಮಳೆ ಸುರಿಯುವ ಆಟಿ ತಿಂಗಳಲ್ಲಿ ಬೂಸಲು ಹಿಡಿಯುತ್ತದೆ. ಅಡಗಲು ಅಡಿಕೆ ಹಾಳೆ ಬಾಗಿಸಿ ಕೊಡಿ, ಕಡಿಯಲೂ ಆಯಿತು. ಆದರೆ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದ ಹಾಳೆಯಲ್ಲಿ ಮೈಲುತುತ್ತು ಅಂಟಿರುತ್ತದೆ. ಸಿಂಪಡಣೆಗೆ ಮುಂಚೆ ಬಿದ್ದದ್ದನ್ನು ಆರಿಸಿ, ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ. ಅಡಿಕೆ ಮಾತ್ರ ಅದರ ಬಾಯಿಗೆ ಸಿಗಬಾರದು. ಸಂಜೆ ಸೊಳ್ಳೆ ಬತ್ತಿ ಹಚ್ಚುವ ಕೋಣೆ, ಧೂಪ ಹಾಕುವ ದೇವರ ಕೋಣೆ, ಕೊಪ್ಪರ ಒಣಗಿಸುವ ಹೊಗೆಯ ಅಟ್ಟ, ಈ ಮೂರರ ಹತ್ತಿರವೂ ಗೂಡು ಬೇಡ. ಫಿನಾಯಿಲ್ ಹಾಕಿ ಒರೆಸಬೇಡಿ, ಬಿಸಿನೀರು ಸಾಬೂನು ಸಾಕು.

ಮುರಕಲ್ಲಿನ ಗೋಡೆಯ ಬಡಗು ಬದಿಯ ಕೋಣೆಯಿದ್ದರೆ ಗೂಡು ಅಲ್ಲೇ ಇರಲಿ. ಮಣ್ಣಿನ ಮಡಕೆಯನ್ನು ಒದ್ದೆ ಮಾಡಿ ಅಡ್ಡ ಮಲಗಿಸಿ, ಮಧ್ಯಾಹ್ನ ಅದರೊಳಗೆ ಹೋಗಿ ಬೀಳುತ್ತವೆ. ಐಸು ಕಟ್ಟಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಗಿಡಿ. ಶಾಖ 32 ಡಿಗ್ರಿ ದಾಟಿದ ದಿನ ಎಚ್ಚರ. ಇಲಿ ಕಾಲು ಚಾಚಿ ಮಲಗಿ ಬಾಯಿಂದ ಉಸಿರಾಡುತ್ತಿದ್ದರೆ, ಜೊಲ್ಲು ಸುರಿದಿದ್ದರೆ, ಕಿವಿ ಬಾಲ ಪಾದಗಳಿಗೆ ತಣ್ಣೀರು ಸವರಿ. ಐಸುನೀರಿನಲ್ಲಿ ಮುಳುಗಿಸಬೇಡಿ. ಕೂಡಲೇ ವೈದ್ಯರ ಹತ್ತಿರ ಒಯ್ಯಿರಿ.

ತಿನ್ನಲು ಕುಚ್ಚಲಕ್ಕಿ ಅನ್ನ, ರಾಗಿ, ಬೇಯಿಸಿದ ಹೆಸರು, ಸೌತೆ, ಸೋರೆ, ವಾರಕ್ಕೆರಡು ಸಲ ಮೊಟ್ಟೆಯ ಚೂರು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಕೆಟ್ಟದ್ದಾದರೆ ಹೊರಗೆ ಬರುವ ದಾರಿಯಿಲ್ಲ. ಮಳೆಗಾಲದ ಬೂಸಲು ನೆಲಗಡಲೆ, ಹಿಂಡಿ ಅದಕ್ಕೇ ಅಪಾಯ. ಅದರ ವಿಷ ಯಕೃತ್ತನ್ನು ಹಾಳು ಮಾಡುತ್ತದೆ. ಬೇಯಿಸದ ರಾಜ್ಮಾ, ಬೀನ್ಸ್ ಕಾಳು ಬೇಡ. ಒಂದು ವಿಚಿತ್ರ ನೋಡಿ: ಕಿತ್ತಳೆ ಸಿಪ್ಪೆಯ ಎಣ್ಣೆ ಗಂಡು ಇಲಿಯ ಮೂತ್ರಪಿಂಡಕ್ಕೆ ಮಾತ್ರ ಕೆಡುಕು, ಹೆಣ್ಣಿಗೆ ಆ ತೊಂದರೆಯಿಲ್ಲ.

ಈಗ ಅಮ್ಮನ ಮಾತಿಗೆ ಬರೋಣ. ತೋಟದ ಇಲಿ ಬಂದು ಕೂಡುತ್ತದೆ ಅನ್ನುವ ಅವರ ಎರಡನೇ ಹೆದರಿಕೆಗೆ ಕಾರಣವಿಲ್ಲ. ನಿಮ್ಮ ತೆಂಗಿನ ತಲೆಯಲ್ಲಿ ಎಳನೀರು ಕೊರೆಯುವುದು ಕರಿ ಇಲಿಯ ಜಾತಿ. ಸಾಕು ಇಲಿಗಳು ಕಂದು ಇಲಿಯ ಸಂತತಿ. 19ನೇ ಶತಮಾನದ ಲಂಡನ್‌ನಲ್ಲಿ ರಾಣಿ ವಿಕ್ಟೋರಿಯಾಗೆ ಇಲಿ ಹಿಡಿದುಕೊಡುತ್ತಿದ್ದ ಜ್ಯಾಕ್ ಬ್ಲ್ಯಾಕ್, ಬಲೆಗೆ ಬಿದ್ದ ಬಣ್ಣಬಣ್ಣದ ಇಲಿಗಳನ್ನು ಕೊಲ್ಲದೆ ಸಾಕಿ ಮಾರಿದ. 1901ರಲ್ಲಿ ಮೇರಿ ಡಗ್ಲಸ್ ಅನ್ನುವ ಮಹಿಳೆ ಏಲ್ಸ್‌ಬರಿಯ ಸುಂಡಿಲಿ ಪ್ರದರ್ಶನಕ್ಕೆ ಇಲಿಗಳನ್ನೂ ತಂದು ಬಹುಮಾನ ಗೆದ್ದರು. ಅಲ್ಲಿಂದ ಈ ಹವ್ಯಾಸಕ್ಕೆ ಮರ್ಯಾದೆ ಬಂತು. ಕರಿ ಇಲಿಗೂ ಕಂದು ಇಲಿಗೂ ಬದುಕುವ ಮರಿ ಹುಟ್ಟುವುದಿಲ್ಲ, ಹೆಗ್ಗಣದ ಮಾತಂತೂ ದೂರ. ಮಧೂರು ಗಣಪತಿಯ ಸೀಮೆಯಲ್ಲಿ ಕೂತು ಇಲಿ ಬೇಡ ಅನ್ನುವುದು ಸರಿಯಾ ಅಂತ ಅಮ್ಮನನ್ನು ಒಮ್ಮೆ ಕೇಳಿ ನೋಡಿ.

ಮೊದಲನೇ ಹೆದರಿಕೆ ಮಾತ್ರ ನಿಜವಾದ್ದು. ಇಲಿಜ್ವರದ ರೋಗಾಣು ಇಲಿಯ ಉಚ್ಚೆಯಲ್ಲಿರುತ್ತದೆ, ಒದ್ದೆ ಮಣ್ಣಿನಲ್ಲಿ ಬಹಳ ದಿನ ಬದುಕುತ್ತದೆ, ಗಾಯದ ಮೂಲಕ ಮೈ ಸೇರುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟದ ಕಣಿಗೆ ಇಳಿಯುವುದು ಗೂಡಿನ ಇಲಿಗಿಂತ ದೊಡ್ಡ ಅಪಾಯ. ಆದರೆ ತೋಟದ ಇಲಿ ಬಂದು ನಿಮ್ಮ ಗೂಡಿನ ಮೇಲೆ, ಆಹಾರದ ಡಬ್ಬಿಯ ಮೇಲೆ ಉಚ್ಚೆ ಹೊಯ್ದರೆ ರೋಗ ಒಳಗೂ ಬರುತ್ತದೆ. ಕಾಳುಗಳು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರಲಿ. ರಾತ್ರಿ ಗೂಡು ಮುಚ್ಚಿದ ಕೋಣೆಯಲ್ಲಿರಲಿ. ಗೂಡು ತೊಳೆಯುವಾಗ ಕೈಗವಸು ಹಾಕಿ, ಕೈಯಲ್ಲಿ ಗಾಯವಿದ್ದರೆ ಆ ದಿನ ಬೇರೆಯವರು ತೊಳೆಯಲಿ. ತೋಟದಲ್ಲಿ ಸಿಕ್ಕಿದ ಇಲಿ ಮರಿಯನ್ನು ಪಾಪ ಅಂತ ಒಳಗೆ ತರಬೇಡಿ. ಕಚ್ಚಿದರೆ ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ಇಲಿ ಸಾಕಿದ್ದೇವೆ ಅಂತ ಮುಚ್ಚಿಡದೆ ಹೇಳಿ. ಡಾಕ್ಸಿಸೈಕ್ಲಿನ್ ಗುಳಿಗೆ ಯಾರಿಗೆ, ಯಾವಾಗ ಅನ್ನುವುದನ್ನು ಆರೋಗ್ಯ ಕೇಂದ್ರದವರು ಹೇಳುತ್ತಾರೆ. ನೆರೆಯವರು ತೋಟಕ್ಕೆ ಇಲಿ ಪಾಷಾಣ ಇಡುವ ದಿನ ನಿಮಗೆ ತಿಳಿಸುವಂತೆಯೂ ಹೇಳಿಡಿ, ಅವತ್ತು ಇಲಿಗಳನ್ನು ಹೊರಗೆ ಆಡಲು ಬಿಡಬೇಡಿ.

ಕೊನೆಗೆ ಹೆಚ್ಚಾದ ಮರಿಗಳ ವಿಷಯ. ಕೂಡಿಸುವ ಮೊದಲೇ ಐದಾರು ಮನೆ ಗೊತ್ತು ಮಾಡಿಟ್ಟುಕೊಳ್ಳಿ. ಅಷ್ಟು ಮನೆ ಸಿಗದಿದ್ದರೆ ಈ ವರ್ಷ ಮರಿ ಬೇಡ. ತೋಟಕ್ಕೆ ಬಿಟ್ಟರೆ ಬದುಕಿಕೊಳ್ಳುತ್ತವೆ ಅನ್ನಬೇಡಿ. ಬಿಳಿ ಬಣ್ಣದ್ದು ಸಂಜೆಯೊಳಗೆ ಕಾಗೆಗೋ ಮುಂಗುಸಿಗೋ ತುತ್ತಾಗುತ್ತದೆ. ಅಂಗಡಿ ಇಟ್ಟು ಮಾರುವ ಯೋಚನೆಯಿದ್ದರೆ 2018ರ ಸಾಕುಪ್ರಾಣಿ ಅಂಗಡಿ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಕೊಡುವಾಗ ಒಂದು ಮನೆಗೆ ಒಂದೇ ಮರಿ ಕೊಡಬೇಡಿ, ಎರಡು ಗಂಡು ಅಥವಾ ಎರಡು ಹೆಣ್ಣು ಕೊಡಿ. ಜೊತೆಗೆ ಒಂದು ಚೀಟಿಯಲ್ಲಿ ಹುಟ್ಟಿದ ದಿನ, ಅಪ್ಪ ಅಮ್ಮನ ಬಣ್ಣ ಕಿವಿ ಬರೆದುಕೊಡಿ. ನಿಮ್ಮ ಹತ್ತಿರವೂ ಒಂದು ಪುಸ್ತಕ ಇರಲಿ. ಯಾವ ಇಲಿ ಯಾವ ವಯಸ್ಸಿಗೆ, ಯಾವ ಕಾರಣಕ್ಕೆ ಸತ್ತಿತು ಅನ್ನುವುದನ್ನೂ ಅದರಲ್ಲಿ ಬರೆಯಿರಿ. ಇಲಿಯ ಆಯುಸ್ಸು ಎರಡರಿಂದ ಮೂರು ವರ್ಷ. ಅಜ್ಜ ಅಜ್ಜಿ ಎರಡು ವರ್ಷ ದಾಟಿ ಗಟ್ಟಿಯಾಗಿದ್ದ ವಂಶದ ಮರಿಯನ್ನು ಮುಂದಿನ ಜೋಡಿಗೆ ಇಟ್ಟುಕೊಳ್ಳಿ, ಅದರ ಕಿವಿ ಮಾಮೂಲಿಯದ್ದಾದರೂ ಪರವಾಗಿಲ್ಲ.